ಎಳೆ ಬರುವಷ್ಟು ಬಿಸಿ

ಮಸಿ ಉಜ್ಜಿ ತೆಗೆದವನೂ ಅವನೇ, ಮತ್ತೆ ಬಳಿದವನೂ ಅವನೇ. ಮೂರು ತಿಂಗಳ ಹಿಂದೆ ಸ್ವಾಮಿ ಎದುರಿನ ಗೋಡೆಗೆ ಏಣಿ ಹಾಕಿಕೊಂಡು, ನಲವತ್ತು ವರ್ಷದ ಹೊಗೆಯನ್ನು ತಂತಿ ಬ್ರಷ್ಷಿನಲ್ಲಿ ಕೆರೆದು ಕೆರೆದು ಒಳಗಿನ ಗಾರೆ ಕಾಣಿಸುವ ಹೊತ್ತಿಗೆ, ಬೆಂಗಳೂರಿನಿಂದ ಬಂದ ಡಿಸೈನಿನವರು ಹಣೆ ಹಣೆ ಚಚ್ಚಿಕೊಂಡಿದ್ದರು. ಈ ಹೊಗೆಯೇ ಕಟ್ಟಡದ ಜೀವ, ಇದನ್ನು ತೆಗೆಯಲು ಹೇಳಿದ ಕತ್ತೆ ಯಾರು ಅಂತ ಕೂಗಾಡಿದ್ದರು. ಹೇಳಿದ ಕತ್ತೆ ಕಾರಿನಲ್ಲಿ ಹೊರಟುಹೋಗಿತ್ತು, ಕೆರೆದ ಕತ್ತೆ ಏಣಿಯ ಮೇಲಿತ್ತು. ಆಮೇಲೆ ಹದಿನೈದು ದಿನ ಅದೇ ಏಣಿ ಹತ್ತಿ, ಕಪ್ಪು ಬಣ್ಣಕ್ಕೆ ಚೂರು ಕಂದು ಬೆರೆಸಿ, ಸ್ಪಂಜಿನಲ್ಲಿ ಒತ್ತಿ ಒತ್ತಿ, ಫೋಟೋಗೆ ಬೆಳಕು ಚೆನ್ನಾಗಿ ಬೀಳುವ ಈ ಕಡೆಯ ಗೋಡೆಗೆ ಹೊಗೆ ಹಿಡಿಸಿದ್ದ. ಮೇಲೆ ದಟ್ಟ, ಕೆಳಗೆ ಬರುತ್ತ ತೆಳು; ಮೊಬೈಲಿನಲ್ಲಿ ಫೋಟೋ ತೋರಿಸಿ ಹೀಗೇ ಬರಬೇಕು ಅಂದಿದ್ದರು, ಹಾಗೇ ಬಂತು. ನೋಡಿದವರೆಲ್ಲ ಭೇಷ್ ಅಂದರು. ಇವತ್ತು ಉದ್ಘಾಟನೆ. ಹನ್ನೊಂದಕ್ಕೆ ಅತಿಥಿಗಳು ಬರುತ್ತಾರೆ. ಬೆಳಗಿನ ಎಂಟು ಗಂಟೆಗೆ ಖಾಲಿ ಹಾಲಿನಲ್ಲಿ ನಿಂತು ತಾನು ಬರೆದ ಹೊಗೆಯನ್ನು ನೋಡುತ್ತಿದ್ದ. ಬೆಂಗಳೂರಿನವರನ್ನೆಲ್ಲ ನಂಬಿಸಬಹುದು. ಇಪ್ಪತ್ತಾರು ವರ್ಷ ಈ ಹೊಗೆ ಕುಡಿದವಳು ಇನ್ನು ಸ್ವಲ್ಪ ಹೊತ್ತಿಗೆ ಬರುತ್ತಾಳೆ, ಅವಳನ್ನು ನಂಬಿಸುವುದು ಹೇಗೆ.

ಕಟ್ಟಡ ಬಾಬಾಜಾನ್ ಸಾಹೇಬರ ಫಿಲೇಚರ್ ಆಗಿತ್ತು. ರಾಮನಗರದ ಮಾರುಕಟ್ಟೆಯಿಂದ ಮೂಟೆಗಟ್ಟಲೆ ಬಂದ ರೇಷ್ಮೆಗೂಡನ್ನು ಕುದಿನೀರಿಗೆ ಸುರಿದು ನೂಲು ಬಿಚ್ಚುವ ಕಾರ್ಖಾನೆ. ನಲವತ್ತು ಬಾಣಲೆ, ಬಾಣಲೆಗೊಬ್ಬಳಂತೆ ನಲವತ್ತು ಹೆಂಗಸರು, ಅವರೆದುರು ತಿರುಗುವ ನಲವತ್ತು ರಾಟೆ. ಸಾಹೇಬರು ಸತ್ತರು, ಮಕ್ಕಳು ಬೀಗ ಹಾಕಿದರು, ಹನ್ನೊಂದು ವರ್ಷ ಪಾರಿವಾಳಗಳು ಒಳಗೆ ಸಂಸಾರ ಮಾಡಿದವು. ಈಗ ಅದು ಹೋಟೆಲು. ಕೆಳಗೆ ಊಟ, ಮೇಲೆ ಗೂಡು ಹರವುತ್ತಿದ್ದ ಅಟ್ಟದಲ್ಲಿ ಎಂಟು ರೂಮು. ಸಾವನದುರ್ಗ ಹತ್ತಲು ಬಂದವರು ಇಲ್ಲಿ ಇಳಿದುಕೊಳ್ಳಬೇಕು, ಹಳೇ ಕಾರ್ಖಾನೆಯಲ್ಲಿ ಮಲಗಿದ್ದೆವು ಅಂತ ಊರಿಗೆ ಹೋಗಿ ಹೇಳಿಕೊಳ್ಳಬೇಕು. ಮೂವತ್ತೊಂಬತ್ತು ಬಾಣಲೆಗಳು ಗುಜರಿಗೆ ಹೋದವು. ಒಂದನ್ನು ಮಾತ್ರ ಉಜ್ಜಿ ಹೊಳಪು ಬರಿಸಿ, ಅದರ ರಾಟೆಯ ಸಮೇತ, ಹಾಲಿನ ನಡುವೆ ಒಂದು ಕಟ್ಟೆಯ ಮೇಲೆ ದೇವರ ಹಾಗೆ ಕೂರಿಸಿದ್ದಾರೆ. ಕೆಳಗೆ ಸೌದೆ ಒಲೆಯ ಬದಲು ಕರೆಂಟಿನ ಕಾಯಿಲ್ಲು. ಉದ್ಘಾಟನೆಯ ದಿನ ಯಾರಾದರೂ ಕೂತು ನೂಲು ಬಿಚ್ಚಿ ತೋರಿಸಬೇಕು ಅಂತ ಮ್ಯಾನೇಜರು ನವ್ಯಶ್ರೀ ಹೇಳಿದಾಗ ಸ್ವಾಮಿ ಹಿಂದುಮುಂದು ನೋಡದೆ, "ಐಜೂರಲ್ಲಿ ಒಬ್ಬಮ್ಮ ಅವ್ರೆ ಮೇಡಂ, ಇಲ್ಲೇ ಕೆಲಸ ಮಾಡಿದೋರು" ಅಂದುಬಿಟ್ಟಿದ್ದ. ನಮ್ಮವ್ವ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂಬುದು ಅವತ್ತಿನಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಕಾಡುತ್ತಿದೆ. ಇಲ್ಲಿ ಅವನದು ಮೇಂಟೆನೆನ್ಸ್ ಕೆಲಸ. ನೀಲಿ ಅಂಗಿ, ಜೇಬಿನ ಮೇಲೆ ದಾರದಲ್ಲಿ ಹೊಲಿದ ಹೆಸರು. ಆರು ತಿಂಗಳು ನೋಡುತ್ತೇವೆ ಅಂದಿದ್ದರು. ಉದ್ಘಾಟನೆ ತೊಂದರೆಯಿಲ್ಲದೆ ಮುಗಿದರೆ ಕಾಯಂ ಮಾಡುವ ಕಾಗದ ಕೈಗೆ ಬರುತ್ತದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ, ಮೂವತ್ತೊಂದು ವರ್ಷದೊಳಗೆ ಸಿಟ್ಟಿನ ಕೈಗೆ ಬುದ್ಧಿ ಕೊಟ್ಟು ನಾಲ್ಕು ಕಡೆ ಕೆಲಸ ಕಳೆದುಕೊಂಡವನಿಗೆ, ಇದು ಹೋದರೆ ತಟ್ಟಲು ಇನ್ನೊಂದು ಬಾಗಿಲಿಲ್ಲ.

"ಏನ್ಲಾ ಸ್ವಾಮಿ, ನಿಮ್ಮವ್ವ ಹಿಂದಿನ ಗೇಟಲ್ಲಿ ನಿಂತವ್ಳೆ, ನೀನಿಲ್ಲಿ ಗೋಡೆಗೆ ದೃಷ್ಟಿ ತೆಗೀತಿದ್ದೀಯಾ?" ಎಲೆಕ್ಟ್ರಿಷಿಯನ್ ತೌಹೀದ್ ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದ. ತೌಹೀದನ ಅಪ್ಪ ಇದೇ ಕಾರ್ಖಾನೆಯಲ್ಲಿ ಒಲೆಗಳಿಗೆ ಸೌದೆ ಒಟ್ಟುತ್ತಿದ್ದವನು.

"ಮೆಲ್ಲಗೆ ಮಾತಾಡ್ಲಾ."

"ಯಾಕೆ? ಅವ್ವ ಅನ್ನೋದು ಯಾವಾಗಿಂದ ಬೈಗುಳ ಆಯ್ತು?"

ಅವ್ವ ಮುನಿಯಮ್ಮ ಆಗಲೇ ಒಳಗೆ ಬಂದಿದ್ದಳು. ಕಬ್ಬಾಳಮ್ಮನ ಗುಡಿಗೆ ಹೋಗುವಾಗ ಮಾತ್ರ ಉಡುವ ಹಸಿರು ಸೀರೆ, ಎಣ್ಣೆ ಹಾಕಿ ಬಿಗಿದ ತುರುಬು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಇಲ್ಲಿ ಬಿಡಬೇಕಿರಲಿಲ್ಲ. ಅವಳು ಹಾಲಿನ ಉದ್ದಗಲ ನೋಡಿದಳು. ಬಿಳಿ ಬಟ್ಟೆ ಹೊದ್ದ ಮೇಜುಗಳು, ತೊಲೆಯಿಂದ ಇಳಿಬಿಟ್ಟ ಹಳದಿ ಬಲ್ಬುಗಳು, ನಿಂಬೆಹುಲ್ಲಿನ ಸ್ಪ್ರೇಯ ವಾಸನೆ. ಮುನಿಯಮ್ಮನ ಮೂಗಿನ ಹೊಳ್ಳೆ ಅಗಲವಾಯಿತು, ಏನನ್ನೋ ಹುಡುಕಿ ಸಿಕ್ಕದೆ ಮತ್ತೆ ಕಿರಿದಾಯಿತು. ಆಮೇಲೆ ಗೋಡೆಯೆದುರು ನಿಂತಳು.

"ಒಲೆ ಇದ್ದಿದ್ದು ಆ ಕಡೆ ಅಲ್ವೇನ್ಲಾ? ಹೊಗೆ ಯಾಕೆ ಈ ಗೋಡೆಗೆ ಹಿಡ್ದೈತೆ?"

ತೌಹೀದ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಗಾಳಿ ತಿರುಗ್ಬುಟ್ಟೈತೆ ಮುನಿಯಕ್ಕ. ಈಗೆಲ್ಲ ಬೆಂಗ್ಳೂರು ಕಡೆಯಿಂದ್ಲೇ ಬೀಸದು."

ಅವ್ವನೂ ನಕ್ಕಳು. ಆದರೆ ಬಾಣಲೆಯ ಹತ್ತಿರ ಹೋದಾಗ ಆ ನಗು ಇರಲಿಲ್ಲ. ಕೈ ಅದ್ದಲಿಲ್ಲ, ಬಗ್ಗಿ ನೋಡಿದಳು ಅಷ್ಟೆ. ಬೆಳಿಗ್ಗೆ ಅಡಿಗೆಮನೆಯಲ್ಲಿ ಬೇಯಿಸಿ ತಂದು ಹಾಕಿದ್ದ ಗೂಡುಗಳು, ಬೇಯಿಸುವಾಗ ವಾಸನೆಗೆ ಅಡಿಗೆಯವನು ಮೂಗು ಮುಚ್ಚಿಕೊಂಡು ಬೈದಿದ್ದ ಗೂಡುಗಳು, ನೀರಿನ ಮೇಲೆ ಕಡಲೆಕಾಯಿಯ ಹಾಗೆ ಸುಮ್ಮನೆ ತೇಲುತ್ತಿದ್ದವು.

"ಆವಿನೇ ಇಲ್ವಲ್ಲೋ. ಗೂಡು ಆರೋಗೈತೆ, ಅಂಟು ಮತ್ತೆ ಬಿಗ್ಕಂಡೈತೆ. ಎಳೆ ಎಂಗೆ ಬತ್ತದೆ?"

"ನಲವತ್ತು ಡಿಗ್ರಿ ಮೇಲೆ ಬಿಸಿ ಇಡಂಗಿಲ್ಲ ಅವ್ವ. ಬಂದೋರು ಕೈ ಗೀ ಇಟ್ರೆ ಅಂತ. ಮೇಡಂ ಆರ್ಡರು." ಕಟ್ಟೆಯೊಳಗೆ ಅಡಗಿಸಿದ್ದ ನಾಬನ್ನು ನಲವತ್ತಕ್ಕೆ ನಿಲ್ಲಿಸಿ, ಯಾರೂ ತಿರುಗಿಸದಿರಲಿ ಅಂತ ಕರಿ ಟೇಪು ಸುತ್ತಿದ್ದವನು ಅವನೇ. "ಸುಮ್ನೆ ರಾಟೆ ತಿರುಗ್ಸು ಸಾಕು. ಅವ್ರಿಗೇನು ಗೊತ್ತಾಗ್ತದೆ?"

ಅವ್ವ ಅವನ ಮುಖವನ್ನು ಒಂದು ಸಲ ನೋಡಿದಳು, ಗೋಡೆಯನ್ನು ಒಂದು ಸಲ ನೋಡಿದಳು.

ಅಷ್ಟರಲ್ಲಿ ನವ್ಯಶ್ರೀ ಬಂದಳು. ಅವನಿಗಿಂತ ನಾಲ್ಕೈದು ವರ್ಷ ಚಿಕ್ಕವಳು, ಕೈಯಲ್ಲಿ ಎರಡು ಫೋನು, ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು. "ಇವರೇನಾ ಸ್ವಾಮಿ ನೀವು ಹೇಳಿದ್ದು? ನಮಸ್ಕಾರ ಅಮ್ಮ. ಸೀರೆ ಸೂಪರ್ ಆಗಿದೆ. ಸ್ವಾಮಿ ನಿಮಗೆ ಹೇಗೆ ಪರಿಚಯ?"

ಆ ಒಂದು ಕ್ಷಣ ಸ್ವಾಮಿ ನೆಲದ ಟೈಲು ನೋಡುತ್ತಿದ್ದ. ಸಂದಿನಲ್ಲಿ ಸಿಮೆಂಟು ಒಂದು ಕಡೆ ಬಿಟ್ಟಿತ್ತು. ತುಂಬಬೇಕು ಅಂದುಕೊಂಡ.

"ನಮ್ ಬೀದಿಯೋರು ಕಣವ್ವ" ಅಂದಳು ಮುನಿಯಮ್ಮ. "ಒಳ್ಳೇ ಮನುಷ್ಯರು."

ಅತಿಥಿಗಳು ಹನ್ನೊಂದಕ್ಕೆ ಬರಲಿಲ್ಲ, ಹನ್ನೊಂದೂವರೆಗೂ ಬರಲಿಲ್ಲ. ಅವ್ವ ಕಟ್ಟೆಯ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತೇ ಇದ್ದಳು. ಒಳ್ಳೇ ಮನುಷ್ಯರು. ಬಹುವಚನ. ಕಂಬಕ್ಕೆ ಒರಗಿ ನಿಂತ ಸ್ವಾಮಿ ಆ ಬಹುವಚನವನ್ನು ನುಂಗಲೂ ಆರದೆ ಉಗಿಯಲೂ ಆರದೆ ಬಾಯಲ್ಲಿಟ್ಟುಕೊಂಡಿದ್ದ. ಈ ಕಂಬ ಗೊತ್ತು. ಇದರ ಬುಡದಲ್ಲೇ ಸ್ಕೂಲಿನ ಚೀಲ ಇಡುತ್ತಿದ್ದದ್ದು. ಆವಿಯಲ್ಲಿ ಹೆಂಗಸರ ಮುಖ ಕಾಣುತ್ತಿರಲಿಲ್ಲ. ನಲವತ್ತು ಬೆನ್ನುಗಳಲ್ಲಿ ಅವ್ವನ ಬೆನ್ನು ಯಾವುದೆಂದು ಹುಡುಕಬೇಕಿತ್ತು. ಅವಳು ನೀರಿನಿಂದ ಕೈ ತೆಗೆದು ಸೀರೆಗೆ ಒರೆಸಿ ಅವನ ಬಾಯಿಗೆ ಮುದ್ದೆಯ ಚೂರು ಇಡುತ್ತಿದ್ದಳು. ಬೆರಳ ತುದಿ ಬಿಳಿಚಿ, ಬಿರಿದು, ಯಾರದೋ ಬೆರಳನ್ನು ಅವಳ ಕೈಗೆ ಅಂಟಿಸಿದ ಹಾಗಿರುತ್ತಿತ್ತು. ಮುದ್ದೆಗೆ ಬೆಂದ ಹುಳದ ವಾಸನೆ, ಅವನ ಅಂಗಿಗೆ ಅದೇ ವಾಸನೆ, ಪುಸ್ತಕಕ್ಕೂ ಅದೇ. ಕ್ಲಾಸಿನಲ್ಲಿ ಅವನಿಗೆ ಹುಳ ಅಂತಲೇ ಹೆಸರು ಬಿತ್ತು. ಏಳನೇ ಕ್ಲಾಸಿನಲ್ಲಿ ಒಬ್ಬ, ನಿಮ್ಮವ್ವನ ಕೈಯಿಂದ ನೀನು ಅದೆಂಗೆ ತಿಂತೀಯೋ ಅಂದ; ಕಂಪಾಸ್ ಬಾಕ್ಸಿನಿಂದ ಅವನ ಹಲ್ಲು ಮುರಿದು ಮನೆಗೆ ಬಂದವನು ಮತ್ತೆ ಸ್ಕೂಲಿಗೆ ಹೋಗಲಿಲ್ಲ. ಅವ್ವನಿಗೆ ಕಾರಣ ಹೇಳಲಿಲ್ಲ, ಮೇಷ್ಟ್ರು ಹೊಡೆದರು ಅಂದ. ಎಷ್ಟೋ ವರ್ಷ ಅವ್ವ ಆ ಮೇಷ್ಟರಿಗೆ ಶಾಪ ಹಾಕಿದಳು. ಪಾಪದ ಮೇಷ್ಟ್ರು, ಸಂತೆಯಲ್ಲಿ ಕಂಡಾಗಲೆಲ್ಲ ಚೆನ್ನಾಗಿದ್ದೀರಾಮ್ಮ ಅನ್ನುತ್ತಿದ್ದರು, ಇವಳು ಮುಖ ತಿರುಗಿಸುತ್ತಿದ್ದಳು. ಅವನಿಗೆ ಜ್ವರ ಬಂದರೆ ಅವ್ವ ಹಣೆಯ ಮೇಲೆ ಕೈ ಇಡುತ್ತಿರಲಿಲ್ಲ, ಬಗ್ಗಿ ಕೆನ್ನೆ ಇಡುತ್ತಿದ್ದಳು. ನನ್ ಬೆರಳಿಗೆ ಏನೂ ತಿಳಿಯಕಿಲ್ಲ ಕಣ್ಲಾ ಮಗ, ಸತ್ತೋಗವೆ, ಒಲೆ ಮೇಲಿನ ಪಾತ್ರೆನೂ ಒಂದೇ ಮಡಕೆ ನೀರೂ ಒಂದೇ ಅನ್ನುತ್ತಿದ್ದಳು. ನಗುತ್ತ ಹೇಳುತ್ತಿದ್ದಳು. ಅಂದರೆ ಅವನಿಗೆ ಗೊತ್ತಿತ್ತು. ಆರು ವರ್ಷದವನಿದ್ದಾಗಿನಿಂದ ಗೊತ್ತಿತ್ತು.

ಬಂದರು. ಇಪ್ಪತ್ತು ಇಪ್ಪತ್ತೈದು ಜನ, ಎಲ್ಲ ಮಾಲೀಕರ ಕಡೆಯವರು. ರಿಬ್ಬನ್ನು ಕತ್ತರಿಸಿ, ಚಪ್ಪಾಳೆ ತಟ್ಟಿ, ಗೋಡೆಯ ಹೊಗೆಗೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಂಡು ಬಾಣಲೆಯ ಸುತ್ತ ನೆರೆದರು. ನವ್ಯಶ್ರೀ ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಮುನಿಯಮ್ಮ ಎಂಬ ಹೆಸರೊಂದು ಮಾತ್ರ ಅದರಲ್ಲಿ ಅರ್ಥವಾಯಿತು. ಅವ್ವ ಕಡ್ಡಿಪೊರಕೆ ತೆಗೆದುಕೊಂಡು ಗೂಡುಗಳನ್ನು ಮೆತ್ತಗೆ ಸವರಿದಳು. ಕುದಿಯುವ ನೀರಾದರೆ ಎರಡು ಸಲ ಸವರಿದರೆ ಸಾಕು, ಎಳೆಯ ತುದಿಗಳು ತಾವಾಗಿ ಪೊರಕೆಗೆ ಹತ್ತಿಕೊಂಡು ಬರುತ್ತವೆ, ಜೇಡರ ಬಲೆ ಮುಖಕ್ಕೆ ತಾಗಿದಷ್ಟು ಹಗುರ. ಬರಲಿಲ್ಲ. ಇನ್ನೊಂದು ಸಲ ಸವರಿದಳು. ಗೂಡುಗಳು ಪಕ್ಕಕ್ಕೆ ಸರಿದು, ತಿರುಗಿ, ಅವಳನ್ನೇ ನೋಡಿದವು. ಒಂದನ್ನು ಕೈಗೆತ್ತಿಕೊಂಡು ಉಗುರಿನಿಂದ ಕೆದರಿದಳು. ಹತ್ತಿಯ ಹಾಗೆ ಜುಂಗು ಕಿತ್ತು ಬಂತು, ನೂಲಲ್ಲ. ಇಪ್ಪತ್ತು ಫೋನುಗಳು ಅವಳ ಕೈಯನ್ನೇ ನೋಡುತ್ತಿದ್ದವು. ಸುಮ್ಮನೆ ರಾಟೆ ತಿರುಗಿಸು ಅಂತ ಸ್ವಾಮಿ ಕಣ್ಣಿನಲ್ಲೇ ಹೇಳಿದ. ಅವಳಿಗೆ ಕಾಣಿಸಿತು, ಕಂಡೂ ತಿರುಗಿಸಲಿಲ್ಲ. ನೂಲಿಲ್ಲದ ರಾಟೆ ತಿರುಗಿಸಲು ಅವಳ ಕೈ ಒಪ್ಪಲಿಲ್ಲ. ಹಿಂದಿನಿಂದ ಒಬ್ಬ, "ಆಂಟಿಗೆ ಟಚ್ ಬಿಟ್ಟೋಗಿದೆ" ಅಂದ. ನಾಲ್ಕು ಜನ ನಕ್ಕರು, ಕೆಟ್ಟ ನಗೆಯೇನಲ್ಲ, ಮದುವೆಮನೆಯಲ್ಲಿ ನಗುವಂಥದ್ದು. ಅವ್ವನೂ ಅವರ ಜೊತೆ ನಕ್ಕಳು. ಆ ನಗು ಸ್ವಾಮಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇಪ್ಪತ್ತಾರು ವರ್ಷ ಬಾಬಾಜಾನ್ ಸಾಹೇಬರು ಬೇರೆಯವರ ಗೂಡು ಕೆಟ್ಟರೆ ಮುನಿಯಮ್ಮನ ಬಾಣಲೆಗೆ ಹಾಕಿ ಅನ್ನುತ್ತಿದ್ದರು. ಯಾವ ಕೆಟ್ಟ ಗೂಡೂ ಅವಳ ಕೈಯಿಂದ ತಪ್ಪಿಸಿಕೊಂಡಿದ್ದಿಲ್ಲ.

"ಸ್ವಾಮಿಯೋರೇ" ಅಂದಳು ಅವ್ವ, ಎಲ್ಲರೆದುರು, ತಗ್ಗಿದ ದನಿಯಲ್ಲಿ. "ಒಸಿ ನೀರು ಕಾಯಿಸ್ಕೊಡ್ತೀರಾ?"

ನವ್ಯಶ್ರೀ ಅತಿಥಿಗಳನ್ನು ಜ್ಯೂಸಿನ ಕಡೆ ಕರೆದುಕೊಂಡು ಹೋದಳು. ಹೋಗುವಾಗ ಸ್ವಾಮಿಯನ್ನು ನೋಡಿದ ನೋಟದಲ್ಲಿ ಬೈಗುಳವಿತ್ತು. ಅವನು ಕಟ್ಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಒಳಗೆ ಕೈ ಹಾಕಿ ಉಗುರಿನಿಂದ ಟೇಪು ಕಿತ್ತ, ನಾಬನ್ನು ಕೊನೆಯ ತನಕ ತಿರುಗಿಸಿದ. ಹಾಗೆ ತಿರುಗಿಸುವಾಗ ಅವನಿಗೆ ಭಯವಾಗಲಿಲ್ಲ, ಎಷ್ಟೋ ವರ್ಷದ ಮೇಲೆ ಯಾರದೋ ಹಲ್ಲು ಮುರಿದಷ್ಟು ಹಿತವಾಯಿತು. ಹತ್ತು ನಿಮಿಷದಲ್ಲಿ ನೀರಿನ ಮೇಲೆ ಮೊದಲ ಆವಿ ಆಡಿತು. ಗೂಡುಗಳು ಮೈಬಣ್ಣ ಬದಲಿಸಿ, ನೀರು ಕುಡಿದು, ಅರ್ಧ ಮುಳುಗಿದವು. ಆ ವಾಸನೆ ಎದ್ದಿತು, ನಿಂಬೆಹುಲ್ಲನ್ನು ತುಳಿದುಕೊಂಡು. ಅವ್ವ ಉಸಿರೆಳೆದುಕೊಂಡಳು. ಪೊರಕೆ ಆಡಿಸಿದಳು, ಎತ್ತಿದಳು, ಅದರ ತುದಿಯಿಂದ ಹತ್ತು ಹನ್ನೆರಡು ಎಳೆಗಳು ಬೆಳಕಿನಲ್ಲಿ ಮಿಂಚಿದವು. ಕುದಿನೀರಿಗೆ ಬೆರಳು ಇಳಿಸಿ, ಎಳೆಗಳನ್ನು ಒಟ್ಟುಮಾಡಿ, ಬಾಣಲೆಯ ಮೇಲಿದ್ದ ಗುಂಡಿಯ ತೂತಿನಲ್ಲಿ ತೂರಿಸಿ, ರಾಟೆಗೆ ಕೊಟ್ಟಳು. ರಾಟೆ ತಿರುಗಿತು. ಗೂಡುಗಳು ನೀರಿನಲ್ಲಿ ಕುಣಿಯಲು ಶುರು ಮಾಡಿದವು, ಒಂದು ತೆಳುವಾದಾಗ ನೋಡದೆಯೇ ಇನ್ನೊಂದರ ತುದಿಯನ್ನು ಎಸೆದು ಸೇರಿಸಿದಳು. ಅತಿಥಿಗಳು ಗ್ಲಾಸು ಹಿಡಿದು ವಾಪಸು ಬಂದರು, ಓ ಅಂದರು. ಹನ್ನೊಂದು ವರ್ಷದಿಂದ ಸ್ವಾಮಿ ಮನೆಯಲ್ಲಿ ಒಬ್ಬ ಮುದುಕಿಯನ್ನು ನೋಡುತ್ತಿದ್ದ. ಈಗ ಆ ಮುದುಕಿ ಎಲ್ಲೂ ಇರಲಿಲ್ಲ. ನಮ್ಮವ್ವ ಅಂತ ಕೂಗಬೇಕೆನ್ನಿಸಿತು ಅವನಿಗೆ, ನಮ್ಮವ್ವ ನೋಡ್ರಯ್ಯ ಅಂತ.

ಕೈಮಗ್ಗದ ಸೀರೆಯುಟ್ಟ, ಬೆಳ್ಳಿ ಓಲೆ ಹಾಕಿದ ಹೆಂಗಸೊಬ್ಬಳು ಮುಂದೆ ಬಂದಳು. ಕಣ್ಣಲ್ಲಿ ನಿಜವಾಗಿಯೂ ನೀರಾಡುತ್ತಿತ್ತು. "ಅಮ್ಮ, ನಾನೂ ಮುಟ್ಟಬಹುದಾ? ನೀರು ಬಿಸಿ ಇದೆಯಾ?"

ಅವ್ವ ಸೊಸೆಯನ್ನು ನೋಡಿದ ಹಾಗೆ ಅವಳನ್ನು ನೋಡಿದಳು. "ಎಲ್ಲೈತವ್ವ ಬಿಸಿ? ಬೆಚ್ಚಗೈತೆ. ಬಾ, ಇಡು, ಈ ಎಳೆ ಹಿಡ್ಕೋ."

ಸ್ವಾಮಿ ಎರಡು ಮಾರು ದೂರದಲ್ಲಿದ್ದ. ಬೇಡ ಅನ್ನಲು ಬಾಯಿ ತೆರೆದಿದ್ದ, ಇದು ಸತ್ಯ. ಬೇಡ ಅಂದರೆ ಯಾಕೆ ಅಂತಾರೆ, ಯಾಕೆ ಅಂದರೆ ನಾಬು, ನಾಬು ಅಂದರೆ ಕಾಯಂ ಮಾಡುವ ಕಾಗದ. ಇದೂ ಸತ್ಯ. ಇಷ್ಟನ್ನು ಯೋಚಿಸಲು ಎಷ್ಟು ಹೊತ್ತು ಬೇಕು? ಬಳೆ ಹಿಂದಕ್ಕೆ ಸರಿಸಿಕೊಂಡು ಕೈ ನೀರಿಗಿಳಿಸಲು ಎಷ್ಟು ಹೊತ್ತು ಬೇಕೋ ಅಷ್ಟೇ.

ಆ ಕೂಗಿಗೆ ತೊಲೆಯ ಮೇಲಿನ ಪಾರಿವಾಳವೊಂದು ಹಾರಿತು. ಗ್ಲಾಸು ಒಡೆಯಿತು. ಯಾರೋ ಐಸು ಅಂದರು, ಯಾರೋ ಕಾರು ಅಂದರು. ಹೆಂಗಸಿನ ನಾಲ್ಕು ಬೆರಳೂ ಗೆಣ್ಣಿನ ತನಕ ಕೆಂಪಾಗಿ, ಕಣ್ಣೆದುರಿಗೇ ಬೊಬ್ಬೆ ಏಳುತ್ತಿತ್ತು. ಹಾಲಿನಲ್ಲಿ ಅಲ್ಲಾಡದೆ ಇದ್ದವಳು ಅವ್ವ ಒಬ್ಬಳೇ. ಒಂದು ಕೈಯಲ್ಲಿ ರಾಟೆ ನಿಲ್ಲಿಸಿ, ಇನ್ನೊಂದು ಕೈಯಲ್ಲಿ ಎಳೆ ಹಿಡಿದುಕೊಂಡು, ಯಾರ ಮುಖ ನೋಡಬೇಕೆಂದು ತಿಳಿಯದೆ, "ಕಡ್ದೋಯ್ತದೆ, ಯಾರಾನ ಒಸಿ ಹಿಡ್ಕಳಿ, ಆವಮ್ಮನ್ನ ನೋಡ್ಬೇಕು ನಾನು" ಅನ್ನುತ್ತಿದ್ದಳು. ಯಾರೂ ಹಿಡಿದುಕೊಳ್ಳಲಿಲ್ಲ. ಅವಳು ಎಳೆ ಬಿಟ್ಟು ಎದ್ದು ಆ ಹೆಂಗಸಿನ ಕಡೆ ಹೋದಾಗ ಒಬ್ಬ ಗಂಡಸು ಅವಳ ತೋಳು ಹಿಡಿದು ಪಕ್ಕಕ್ಕೆ ತಳ್ಳಿದ. ಬಲವಾಗಿಯೇನಲ್ಲ. ಬಾಗಿಲನ್ನು ತಳ್ಳಿದ ಹಾಗೆ. ಸ್ವಾಮಿಯ ಮುಷ್ಟಿ ಬಿಗಿಯಿತು, ನಾಲ್ಕು ಕೆಲಸ ಕಳೆದ ಮುಷ್ಟಿ. ಅದು ಪ್ಯಾಂಟಿನ ಜೇಬಿನೊಳಗೇ ಬಿಗಿಯಿತು. ಉಗುರಿನ ಸಂದಿಯಲ್ಲಿ ಕರಿ ಟೇಪಿನ ಚೂರು ಅಂಟಿತ್ತು, ಜೇಬಿನಿಂದ ಕೈ ತೆಗೆಯುವ ಹಾಗಿರಲಿಲ್ಲ.

"ಬಿಸಿ ಜಾಸ್ತಿ ಮಾಡಿದ್ದು ಯಾರು?" ಅತಿಥಿಗಳ ಕಾರುಗಳು ಹೊರಟ ಮೇಲೆ ನವ್ಯಶ್ರೀ ಕೇಳಿದಳು. ಅವಳ ದನಿ ಒಡೆದಿತ್ತು. "ಸ್ವಾಮಿ, ಲಾಕ್ ಮಾಡಿದ್ದೆ ತಾನೆ ನೀನು? ಯಾರು ಮುಟ್ಟಿದ್ದು?"

ಬೆಳಗಿನ ನೀವು ಈಗ ನೀನಾಗಿತ್ತು. ಸ್ವಾಮಿ ಗಂಟಲು ಸರಿಮಾಡಿಕೊಂಡ.

"ನಾನೇ ಕಣವ್ವ" ಅಂದಳು ಮುನಿಯಮ್ಮ. "ಇವ್ರನ್ನ ಕೇಳ್ದೆ, ಆಗಕಿಲ್ಲ ಅಂದ್ರು. ಎಳೆ ಬರ್ನಿಲ್ಲ ಅಂತ ನಾನೇ ತಿರುಗಿಸ್ಬುಟ್ಟೆ. ಅವ್ರಿಗೆ ಗೊತ್ತಿಲ್ಲ."

ತೌಹೀದ್ ಮುರಿದ ಗ್ಲಾಸು ಗುಡಿಸುತ್ತಿದ್ದವನು ತಲೆಯೆತ್ತಿ ಸ್ವಾಮಿಯನ್ನು ನೋಡಿದ. ಸ್ವಾಮಿ ಮತ್ತೆ ಟೈಲಿನ ಸಂದಿ ನೋಡಿದ. ಅವ್ವ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಹುಡುಕಿ ಹಾಕಿಕೊಂಡು ಹಿಂದಿನ ಗೇಟಿನಿಂದ ಹೊರಟುಹೋದಳು.

ಬಾಣಲೆ ಖಾಲಿ ಮಾಡುವ ಕೆಲಸ ಅವನಿಗೇ ಬಂತು. ಅರ್ಧ ಬಿಚ್ಚಿದ ಗೂಡುಗಳೊಳಗೆ ಕಂದು ಹುಳಗಳು ತೆಳ್ಳಗೆ ಕಾಣುತ್ತಿದ್ದವು. "ಆ ನಾಬು ಎಲ್ಲೈತೆ ಅಂತ ಮುನಿಯಕ್ಕಂಗೆ ಕನಸು ಬಿದ್ದಿತ್ತೇನ್ಲಾ?" ಅಂದ ತೌಹೀದ್, ಬಕೆಟ್ಟು ಹಿಡಿದುಕೊಂಡು. ಸ್ವಾಮಿ ಅವನ ಕೈಯಿಂದ ಬಕೆಟ್ಟು ಕಿತ್ತುಕೊಂಡ. "ನಮ್ಮಪ್ಪ ಅಂತಿದ್ರು, ಉರಿ ಜಾಸ್ತಿಯಾಗಿ ನೂಲು ಕೆಟ್ರೆ ಸಾಹೇಬ್ರ ಹತ್ರ ನಿಮ್ಮವ್ವ ಯಾವತ್ತೂ ನಮ್ಮಪ್ಪನ ಹೆಸರು ಹೇಳ್ತಿರ್ನಿಲ್ವಂತೆ. ನಾನೇ ಕೈತಪ್ಪಿದೆ ಅಂತಿದ್ಲಂತೆ. ಅಭ್ಯಾಸ ಐತೆ ಬುಡು ಅವ್ಳಿಗೆ. ನೀನು ಆರಾಮಾಗಿರು." ಇದಕ್ಕಿಂತ ಅವನು ಎರಡು ಬಾರಿಸಿದ್ದರೆ ಚೆನ್ನಾಗಿರುತ್ತಿತ್ತು. ಸ್ವಾಮಿ ಬಕೆಟ್ಟು ಅಲ್ಲೇ ಇಟ್ಟು, ಮೆಟ್ಟಿಲು ಹತ್ತಿ, ಆಫೀಸಿನ ಬಾಗಿಲು ತಟ್ಟದೆ ಒಳಗೆ ಹೋದ.

"ನಾನು ತಿರುಗಿಸಿದ್ದು ಮೇಡಂ. ಆವಮ್ಮ ಅಲ್ಲ. ಆವಮ್ಮ ನಮ್ಮವ್ವ."

ನವ್ಯಶ್ರೀ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದಳು. ಅವನನ್ನು ನೋಡಿದಳು, ಸಿಟ್ಟಿಲ್ಲದೆ, ದಣಿವಿನಿಂದ. "ಈಗ ಯಾಕೆ ಹೇಳ್ತಿದ್ದೀಯ? ಒಂದು ಗಂಟೆ ಮುಂಚೆ ಹೇಳಿದ್ದಿದ್ರೆ ಬೇರೆ ಮಾತು. ಅವರೇ ಒಪ್ಪಿಕೊಂಡಿದ್ದಾರೆ ಅಂತ ನಾನು ಮೇಲಿನವರಿಗೆ ಹೇಳಿ ಆಯ್ತು. ಸ್ಟಾಫ್ ಮಾಡಿದ್ದು ಅಂತಾದ್ರೆ ಆ ಹೆಂಗಸು ಕಂಪನಿ ಮೇಲೆ ಕೇಸ್ ಹಾಕ್ತಾರೆ. ನೀನೂ ಹೋಗ್ತೀಯ, ನಿನ್ನನ್ನ ತಗೊಂಡ ನಾನೂ ಹೋಗ್ತೀನಿ. ಹೊರಗಿನವರು, ವಯಸ್ಸಾದವರು, ಗೊತ್ತಿಲ್ಲದೆ ಮಾಡಿದ್ರು ಅಂದ್ರೆ ಯಾರಿಗೂ ಏನೂ ಆಗಲ್ಲ. ನಿಮ್ಮಮ್ಮನಿಗೂ ಏನೂ ಆಗಲ್ಲ ಸ್ವಾಮಿ, ನನ್ನ ಮಾತು ನಂಬು. ಅವರ ಸೈನ್ ಇರೋ ಒಂದು ಕಾಗದ ಬೇಕು ಅಷ್ಟೆ. ಕನ್ನಡ ಬರೆಯೋಕೆ ನನಗೆ ಅಷ್ಟು ಚೆನ್ನಾಗಿ ಬರಲ್ಲ. ನಾನು ಹೇಳ್ತೀನಿ, ನೀನು ಬರಿ."

ಅವನು ಕೂತ. ಅವಳು ಕೂರು ಅನ್ನಲಿಲ್ಲ, ಅವನಾಗಿಯೇ ಕೂತ. ಏಳನೇ ಕ್ಲಾಸಿನ ಮೇಲೆ ಒಂದು ಪುಟ ತುಂಬ ಬರೆದದ್ದು ಅವತ್ತೇ. ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿದ್ದವು. 'ನಾನು, ಮುನಿಯಮ್ಮ, ಐಜೂರು ವಾಸಿ, ಯಾರ ಗಮನಕ್ಕೂ ತಾರದೆ ನನ್ನ ಸ್ವಂತ ಇಚ್ಛೆಯಿಂದ ನೀರಿನ ಬಿಸಿಯನ್ನು ಹೆಚ್ಚಿಸಿ...' ಇಚ್ಛೆ ಬರೆಯುವಾಗ ಪೆನ್ನು ನಿಂತಿತು. ನಿಲ್ಲಿಸಿ ಎದ್ದು ಹೋಗಬಹುದಿತ್ತು. ಕಿಟಕಿಯಾಚೆ ಹೆದ್ದಾರಿಯ ಲಾರಿಗಳ ಸದ್ದು ಕೇಳುತ್ತಿತ್ತು, ಆ ಕಡೆ ಬಂಡೆಗಳ ಮೇಲೆ ಬಿಸಿಲು ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು. "ಬರೆದ್ಯಾ?" ಅಂದಳು ನವ್ಯಶ್ರೀ. "ಬರೆದೆ ಮೇಡಂ" ಅಂದ. ಇನ್ನು ಮುಂದೆ ಬಾಣಲೆಗೆ ಯಾರನ್ನೂ ಕೂರಿಸುವುದಿಲ್ಲ, ರಾಟೆಗೆ ಮೋಟರು ಹಾಕಿ ಗೂಡಿನ ಜಾಗದಲ್ಲಿ ಪ್ಲಾಸ್ಟಿಕ್ಕಿನದು ಬಿಡುತ್ತೇವೆ, ಆ ವೈರಿಂಗ್ ಸೋಮವಾರದೊಳಗೆ ಆಗಬೇಕು ಅಂತಲೂ ಹೇಳಿದಳು. ಅದನ್ನು ಕಾಗದದಲ್ಲಿ ಬರೆಯಬೇಕಿರಲಿಲ್ಲ.

ಮನೆಯಲ್ಲಿ ಅವ್ವ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಸಿರು ಸೀರೆ ಮಡಚಿಟ್ಟಾಗಿತ್ತು. ಪಕ್ಕದಲ್ಲಿ ಕೂತ. ಅವಳು ಮೊರ ಸ್ವಲ್ಪ ಅವನ ಕಡೆ ಸರಿಸಿದಳು. ಅವನೂ ಒಂದು ಕಾಯಿ ತೆಗೆದುಕೊಂಡ.

"ಆವಮ್ಮನ ಕೈ ಎಂಗೈತಂತೆ?"

"ಆಸ್ಪತ್ರೇಲಿ ಪಟ್ಟಿ ಕಟ್ಟವ್ರಂತೆ. ವಾಸಿ ಆಯ್ತದಂತೆ."

"ಎಳೆ ಬಂದಾಗ್ಲೇ ನಂಗೆ ತಿಳೀಬೇಕಿತ್ತು, ನೀರು ಚೆನ್ನಾಗಿ ಕಾದೈತೆ ಅಂತ. ಬ್ಯಾಡ ಕಣವ್ವ ಅನ್ನಬೇಕಿತ್ತು." ಅವಳು ಕಾಳನ್ನು ಮೊರಕ್ಕೆ ಹಾಕಿದಳು. "ಸಂತೋಸ ಆಗ್ಬುಟ್ಟಿತ್ತು ಕಣ್ಲಾ. ಹಿಡ್ಕಳ್ಳಿ ಪಾಪ, ಆವಮ್ಮನೂ ಒಂದ್ಸಲ ಹಿಡ್ಕಳ್ಳಿ ಅನ್ನಿಸ್ತು."

ಸ್ವಾಮಿ ಜೇಬಿನಿಂದ ಕಾಗದ ತೆಗೆದ. ನಾಲ್ಕು ಮಡಿಕೆ. ಏನ್ಲಾ ಅದು ಅಂದಳು. ಆಫೀಸಿಂದ ಕೊಟ್ಟವ್ರೆ ಅಂದ. ಓದು ಅಂದಳು. ಅವನು ಬಿಡಿಸಿ ಹಿಡಿದ. ತನ್ನದೇ ಅಕ್ಷರ, ಒಂದರ ಮೇಲೊಂದು ಹತ್ತಿದ್ದು. ಅವಳಿಗೆ ಓದಲು ಬಾರದು.

"ನಾನು, ಸ್ವಾಮಿ" ಅಂತ ಓದಿದ. ದನಿ ಯಾರದೋ ಅನ್ನಿಸಿತು. "ನಾನು, ಸ್ವಾಮಿ, ನನ್ನ ಸ್ವಂತ ಇಚ್ಛೆಯಿಂದ ನೀರಿನ ಬಿಸಿಯನ್ನು ಹೆಚ್ಚಿಸಿದ್ದು. ನಮ್ಮವ್ವನ ಬೆರಳಿಗೆ ಬಿಸಿ ತಿಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆಯಮ್ಮ ಕೈ ಇಡುವುದನ್ನು ನೋಡಿಯೂ ನಾನು ಮಾತಾಡಲಿಲ್ಲ. ಆಮೇಲೆ ಕೇಳಿದಾಗಲೂ ಮಾತಾಡಲಿಲ್ಲ." ಕಾಗದದಲ್ಲಿ ಇನ್ನೂ ಸಾಲುಗಳಿದ್ದವು. ಅವನಿಗೆ ಮುಂದೆ ಓದಲು ಏನೂ ಉಳಿದಿರಲಿಲ್ಲ.

ಅವ್ವ ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದಳು. ಸಿಪ್ಪೆಯನ್ನು ಸಿಪ್ಪೆಯ ಗುಡ್ಡೆಗೆ ಹಾಕಿದಳು.

"ಹಂಗಂತ ಬರ್ದವ್ರಾ?"

"ಹ್ಞೂ."

"ಹಂಗಾರೆ ನನ್ ತಾವ ಯಾಕೆ ತಂದೆ?"

ಬೀದಿಯಲ್ಲಿ ಸೈಕಲ್ಲಿನವನೊಬ್ಬ ಪಾತ್ರೆ ಪಾತ್ರೆ ಅಂತ ಕೂಗಿಕೊಂಡು ಹೋದ. ಅವನು ತಿರುವಿನಲ್ಲಿ ಮರೆಯಾಗುವ ತನಕ ಇಬ್ಬರೂ ಅವನನ್ನೇ ನೋಡಿದರು. ಆಮೇಲೆ ಅವ್ವ ಕೈ ಒರೆಸಿಕೊಂಡಳು. "ಪೆನ್ ಐತಾ?" ಅಂದಳು.

"ಅವ್ವ..."

"ಎಲ್ಲಿ ಆಕ್ಬೇಕು, ತೋರ್ಸು."

ತೋರಿಸಬಾರದು ಅಂದುಕೊಂಡ. ಅವನ ಬೆರಳು ಹೋಗಿ ಕಾಗದದ ಕೆಳತುದಿಯಲ್ಲಿ, ತಾನೇ ಎಳೆದಿದ್ದ ಗೆರೆಯ ಮೇಲೆ ಕೂತಿತು. ಅವಳಿಗೆ ಗೊತ್ತಿದ್ದದ್ದು ಆ ನಾಲ್ಕು ಅಕ್ಷರ ಮಾತ್ರ. ಐದನೇ ಕ್ಲಾಸಿನಲ್ಲಿದ್ದಾಗ ಅವನೇ ಕಲಿಸಿದ್ದು, ಸಂಬಳದ ದಿನ ಸಾಹೇಬರೆದುರು ಹೆಬ್ಬೆಟ್ಟು ಒತ್ತುವುದು ತನಗೆ ನಾಚಿಕೆ ಅಂತ ಹಟ ಹಿಡಿದು, ಒಂದು ಬೇಸಿಗೆ ರಜೆಯೆಲ್ಲ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ತಿದ್ದಿಸಿದ್ದು. ಈಗ ಅವಳು ತನ್ನ ಬೆರಳು ಪೆನ್ನು ಹಿಡಿದಿದೆಯೋ ಇಲ್ಲವೋ ಎಂದು ಕಣ್ಣಲ್ಲೇ ನೋಡಿ ಖಚಿತ ಮಾಡಿಕೊಂಡು, ಕಾಗದವನ್ನು ಮೊಣಕಾಲ ಮೇಲಿಟ್ಟು ಬರೆಯತೊಡಗಿದಳು. ಮು. ನಿ. ಅವನು ಕೈ ಚಾಚಿ ಕಿತ್ತುಕೊಳ್ಳಬಹುದಿತ್ತು. ಯ. ಕೊನೆಯ ಅಕ್ಷರಕ್ಕೆ ಮೊದಲು ಅವಳು ಉಸಿರು ತೆಗೆದುಕೊಂಡಳು, ಅಷ್ಟು ಹೊತ್ತು ಇನ್ನೂ ಸಮಯವಿತ್ತು.

ಬರೆದು ಮುಗಿಸಿ, ಕಾಗದವನ್ನು ಅವನ ಮುಂದೆ ಹಿಡಿದಳು.

"ಸರಿಯಾಗೈತಾ ನೋಡ್ಲಾ."

ಸ್ವಾಮಿ ನೋಡಿದ.

"ಸರಿಯಾಗೈತೆ" ಅಂದ.